17 ಸೆಕೆಂಡಿನ ಮಾರ್ದನಿ

ಅಮೆರಿಕದ ಹ್ಯೂಸ್ಟನ್ ಮಹಾನಗರದ ನಡುವೆ ಬಫಲೋ ಬಾಯೂ ಎಂಬ ಮಂದಗತಿಯ ಹೊಳೆ ಹರಿಯುತ್ತದೆ. ಅದರ ದಂಡೆಯ ನೆಲದಡಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ದೊಡ್ಡದೊಂದು ನೀರಿನ ತೊಟ್ಟಿ ಇತ್ತು. ಊರಿಗೆ ಕುಡಿಯುವ ನೀರು ತುಂಬಿಡಲು 1926ರಲ್ಲಿ ಕಟ್ಟಿದ್ದು. ದಶಕಗಳ ಕಾಲ ದುಡಿದ ಮೇಲೆ ಸೋರತೊಡಗಿತು. ಎಲ್ಲಿ ಸೋರುತ್ತಿದೆ ಎಂದು ಹುಡುಕಿದರೂ ಸಿಗಲಿಲ್ಲ. 2007ರಲ್ಲಿ ಅದನ್ನು ಕೈಬಿಟ್ಟರು.

2010ರಲ್ಲಿ ಹೊಳೆದಂಡೆಯ ಉದ್ಯಾನವನ್ನು ಹೊಸದಾಗಿಸುತ್ತಿದ್ದವರ ಗಮನಕ್ಕೆ ಈ ತೊಟ್ಟಿ ಬಂತು. ಮೊದಲ ಸಲ ಒಳಗಿಳಿದವರ ಆ ಗಳಿಗೆಯನ್ನು ನಾನು ಮತ್ತೆ ಮತ್ತೆ ಊಹಿಸಿಕೊಳ್ಳುತ್ತೇನೆ. ಗಾಢವಾದ ಕತ್ತಲೆ, ಕೈಯಲ್ಲೊಂದು ಟಾರ್ಚು. ಬೆಳಕು ಚಾಚಿದಷ್ಟೂ ಕಂಬಗಳು! 25 ಅಡಿ ಎತ್ತರದ 221 ಕಾಂಕ್ರೀಟ್ ಕಂಬಗಳು, ಸಾಲಿನ ಹಿಂದೆ ಸಾಲು. ತಳದ ತೆಳ್ಳನೆಯ ನೀರಿನಲ್ಲಿ ಅಷ್ಟೇ ಕಂಬಗಳು ತಲೆಕೆಳಗಾಗಿ. ಕಟ್ಟಿದವರಿಗೆ ಚೆಲುವಿನ ಗೊಡವೆ ಇದ್ದಿರಲಾರದು, ಸೂರಿನ ಭಾರ ತಡೆದರೆ ಸಾಕಿತ್ತು. ಆದರೂ ತೊಟ್ಟಿಯೊಳಗಿನ ಚಿತ್ರಗಳನ್ನು ನೋಡಿದಾಗ ನನಗೆ ಗುಡಿಯ ಮಂಟಪದೊಳಗೆ ಕಾಲಿಟ್ಟಂತಾಗಿತ್ತು.

ಪುಣ್ಯಕ್ಕೆ ತೊಟ್ಟಿಯನ್ನು ಕೆಡವಲಿಲ್ಲ. 2016ರಲ್ಲಿ ಸಾರ್ವಜನಿಕರಿಗೆ ತೆರೆದರು. ಅಲ್ಲಿ ಒಂದು ಸದ್ದು ಮಾಡಿದರೆ 17 ಸೆಕೆಂಡು ಮೊಳಗುತ್ತಲೇ ಇರುತ್ತದೆ. ಗಾಯಕನೊಬ್ಬ ಹಾಡಿದ ಸ್ವರ ಕರಗುವ ಮೊದಲೇ ಮುಂದಿನದು ಅದರ ಮೇಲೆ ಕೂರುತ್ತದೆ.

ಅದೇ ವರ್ಷದ ಕೊನೆಗೆ ವೆನೆಜುವೆಲಾದ ಕಲಾವಿದೆ ಮಗ್ದಲೇನಾ ಫೆರ್ನಾಂಡೆಸ್ ಅಲ್ಲಿ ಬೆಳಕು ಮತ್ತು ಸದ್ದಿನಿಂದ ಮಳೆ ಕರೆಸಿದರು. ಮೊದಲು ಬಿಡಿ ಹನಿಗಳ ಸದ್ದು, ಆಮೇಲೆ ಜಡಿಮಳೆ. ನೀರು ಕಳೆದುಕೊಂಡಿದ್ದ ತೊಟ್ಟಿಯೊಳಗೆ, ಕಂಬಕಂಬದ ಮೇಲೂ.