ನಿಲ್ದಾಣದ ಗೋಡೆಯೂ ನಾಗರಿಕರ ಹೊಣೆಯೂ
(ಒಂದು ಭಾಷಣದ ಪೂರ್ಣಪಾಠ)



ಸಾರ್ವಜನಿಕ ದ್ರವ್ಯದಿಂದ ಕಟ್ಟಿದ ಪ್ರಯಾಣಿಕರ ನಿಲ್ದಾಣದಲ್ಲಿ ಭಿತ್ತಿಚಿತ್ರವನ್ನು ಬರೆಯಿಸುವುದು ಯುಕ್ತವೋ ಅಲ್ಲವೋ, ಯುಕ್ತವಾದರೆ ಅದನ್ನು ಯಾರಿಂದ, ಯಾವ ಕ್ರಮದಿಂದ, ಯಾವ ಕರಾರಿನ ಮೇಲೆ ಬರೆಯಿಸತಕ್ಕದ್ದು ಎಂಬುದು ಈ ದಿನ ನನಗೆ ಒಪ್ಪಿಸಿರುವ ವಿಷಯ. ಕೇಳುವುದಕ್ಕೆ ಇದು ಅಲ್ಪವಾದ ವಿಷಯವೆಂದು ತೋರಬಹುದು. ಆದರೆ ಒಂದು ಊರು ತನ್ನನ್ನು ತಾನು ಏನೆಂದು ತಿಳಿದುಕೊಂಡಿದೆ ಎಂಬುದು ಅಲ್ಲಿಯ ಗೋಡೆಗಳಿಂದ ಗೊತ್ತಾಗುತ್ತದೆ. ಆದುದರಿಂದ ಸ್ವಲ್ಪ ಸಾವಧಾನದಿಂದ ಕೇಳಬೇಕೆಂದು ಬೇಡಿಕೊಳ್ಳುತ್ತೇನೆ.

ಮೊದಲು ಎದುರಾಗುವ ಆಕ್ಷೇಪಣೆ ನಿಮಗೆಲ್ಲ ಗೊತ್ತಿರುವುದೇ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂಬ ಗಾದೆಯನ್ನು ಮುಂದೊಡ್ಡಿ, ಕುಡಿಯುವ ನೀರು, ಶೌಚಗೃಹ, ಕೂರುವ ಕಲ್ಲು ಇವು ಮೊದಲಾಗಲಿ, ಚಿತ್ರದ ಮಾತು ಆಮೇಲಾಗಲಿ ಎಂದು ಹೇಳುವವರಿದ್ದಾರೆ. ಈ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ನೀರಿಲ್ಲದ ನಿಲ್ದಾಣಕ್ಕೆ ಚಿತ್ರ ಶೋಭಿಸದು. ಆದರೆ ನೀರೂ ನೆರಳೂ ಒದಗಿದ ಮೇಲೆ ಗೋಡೆ ಬರಿದಾಗಿ ಉಳಿಯುವುದೆಂದು ತಿಳಿಯಬೇಡಿರಿ. ನಾವು ಸುಮ್ಮನಿದ್ದರೆ ಅದನ್ನು ಜಾಹೀರಾತಿನವನು ಹಿಡಿಯುತ್ತಾನೆ. ಅವನು ಬಿಟ್ಟ ಜಾಗವನ್ನು ಹುಟ್ಟುಹಬ್ಬದ ಶುಭಾಶಯದ ಫಲಕಗಳು ತುಂಬುತ್ತವೆ. ಚಿತ್ರವಿರಬೇಕೋ ಬೇಡವೋ ಎಂಬುದು ಹೀಗೆ ತಾನಾಗಿಯೇ ತೀರಿಹೋಗಿ, ಯಾರ ಚಿತ್ರವಿರಬೇಕು ಎಂಬ ಪ್ರಶ್ನೆಯೊಂದೇ ನಮ್ಮೆದುರಿಗೆ ನಿಲ್ಲುತ್ತದೆ.

ಈ ಪ್ರಶ್ನೆಯನ್ನು ನಮಗಿಂತ ಮುಂಚೆ ಎದುರಿಸಿದ ಒಂದು ಊರಿನ ವೃತ್ತಾಂತವನ್ನು ನಿಮ್ಮ ಮುಂದೆ ಇಡುತ್ತೇನೆ. ಅಮೇರಿಕದ ಓಹಾಯೊ ಸಂಸ್ಥಾನದಲ್ಲಿ ಸಿನ್ಸಿನ್ನಾಟಿ ಎಂಬ ಪಟ್ಟಣವಿದೆ. ಏಳು ರೈಲ್ವೆ ಕಂಪನಿಗಳು ಅಲ್ಲಿ ಸಂಧಿಸುತ್ತಿದ್ದವು. ಊರಿನಲ್ಲಿ ಐದು ಬೇರೆ ಬೇರೆ ಸ್ಟೇಶನ್ನುಗಳು ಚದುರಿಹೋಗಿದ್ದವು. ಆ ಏಳು ಕಂಪನಿಗಳೂ 1927ರಲ್ಲಿ ಒಂದಾಗಿ, ಎಲ್ಲ ಗಾಡಿಗಳಿಗೂ ಒಂದೇ ನಿಲ್ದಾಣವನ್ನು ಕಟ್ಟಲು ನಿಶ್ಚಯಿಸಿದವು. ಸುಮಾರು 4 ಕೋಟಿ 10 ಲಕ್ಷ ಡಾಲರುಗಳ ವೆಚ್ಚದಲ್ಲಿ ಎದ್ದ ಆ ಯೂನಿಯನ್ ಟರ್ಮಿನಲ್ಲು 1933ನೆಯ ಮಾರ್ಚಿ 31ರಂದು ವಿಧ್ಯುಕ್ತವಾಗಿ ತೆರೆಯಿತು. ಆ ವರ್ಷ ಯಾವುದೆಂಬುದನ್ನು ಗಮನಿಸಿರಿ. ಅಮೇರಿಕದಲ್ಲಿ ಬ್ಯಾಂಕುಗಳು ಮುಚ್ಚಿ, ಲಕ್ಷಗಟ್ಟಲೆ ಜನರು ಕೆಲಸವಿಲ್ಲದೆ ಬೀದಿಪಾಲಾಗಿದ್ದ ಕಾಲ. ಅಂಥ ಕಾಲದಲ್ಲಿಯೂ ಆ ನಿಲ್ದಾಣದ ಗೋಡೆಗಳು ಬರಿದಾಗಿ ಉಳಿಯಲಿಲ್ಲ.

1931ರಲ್ಲಿ ಈ ಕೆಲಸವನ್ನು ವಿನೋಲ್ಡ್ ರೈಸ್ ಎಂಬ ಚಿತ್ರಕಾರನಿಗೆ ಒಪ್ಪಿಸಲಾಯಿತು. ಈತನು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ 1886ರಲ್ಲಿ ಹುಟ್ಟಿ, 1913ರಲ್ಲಿ ಅಮೇರಿಕಕ್ಕೆ ವಲಸೆ ಹೋದವನು. ನಿಲ್ದಾಣದ ದೊಡ್ಡ ಅರ್ಧಗೋಲಾಕಾರದ ಸಭಾಂಗಣದಲ್ಲಿ ಒಂದೊಂದು 22 ಅಡಿ ಎತ್ತರ, 105 ಅಡಿ ಉದ್ದದ ಎರಡು ಚಿತ್ರಗಳನ್ನು ಅವನು ಯೋಜಿಸಿದನು: ಒಂದು ಆ ಊರಿನ ಚರಿತ್ರೆ, ಇನ್ನೊಂದು ಆ ದೇಶದ ಚರಿತ್ರೆ. ಗಾಡಿಗಳ ಕಡೆಗೆ ಹೋಗುವ ಮೊಗಸಾಲೆಯಲ್ಲಿ ಒಂದೊಂದು 20 ಅಡಿ ಚೌಕದ ಹದಿನಾಲ್ಕು ಚಿತ್ರಗಳು. ಈ ಹದಿನಾಲ್ಕರಲ್ಲಿ ಅವನು ತೋರಿಸಿದ್ದೇನು? ರಾಜ್ಯಪಾಲರನ್ನಲ್ಲ, ಕಂಪನಿಯ ಯಜಮಾನರನ್ನಲ್ಲ. ಪಿಯಾನೋ ಮಾಡುವವನು, ಸಾಬೂನು ಕಾಸುವವನು, ತೊಗಲು ಹದ ಮಾಡುವವನು, ಎರಕ ಹೊಯ್ಯುವವನು, ಮಣ್ಣಿನ ಪಾತ್ರೆಗೆ ರೂಪ ಕೊಡುವವನು, ಅಚ್ಚುಕೂಟದವನು ಇಂಥವರನ್ನು ತೋರಿಸಿದನು. ಅದಕ್ಕಾಗಿ ಊರಿನ ಕಾರಖಾನೆಗಳಲ್ಲಿ ದುಡಿಯುತ್ತಿದ್ದವರ ಛಾಯಾಚಿತ್ರಗಳನ್ನು ಆಧಾರವಾಗಿಟ್ಟುಕೊಂಡನು. ಬೆಳಗ್ಗೆ ಗಾಡಿ ಹತ್ತಲು ಬಂದ ಕೂಲಿಕಾರನು ತಲೆಯೆತ್ತಿದರೆ, ಇಪ್ಪತ್ತು ಅಡಿಯ ಎತ್ತರದಲ್ಲಿ ತನ್ನ ಕಸುಬನ್ನೇ ಕಾಣಬಹುದಾಗಿತ್ತು.

ಚಿತ್ರದ ಸಾಮಗ್ರಿಯ ವಿಷಯವಾಗಿಯೂ ಒಂದು ಮಾತು ಹೇಳಬೇಕು. ಇವು ಕುಂಚದಿಂದ ಬರೆದ ಚಿತ್ರಗಳಲ್ಲ. ಮನುಷ್ಯರ ಆಕೃತಿಗಳನ್ನು ಬಣ್ಣಬಣ್ಣದ ಗಾಜಿನ ಚಿಕ್ಕ ಹರಳುಗಳಿಂದ ಕೂಡಿಸಿ, ಹಿನ್ನೆಲೆಯನ್ನು ಬಣ್ಣ ಬೆರೆಸಿದ ಗಾರೆಯಿಂದ ತುಂಬಿದ್ದಾರೆ. ಗೋಡೆಯೆಲ್ಲವನ್ನೂ ಹರಳಿನಿಂದ ಮುಚ್ಚುವುದಕ್ಕಿಂತ ಇದಕ್ಕೆ ಹರಳೂ ಕೂಲಿಯೂ ಕಡಿಮೆ. ಆಕೃತಿಯ ಅಂಚು ಮಾತ್ರ ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತದೆ. ಕಲ್ಲಿದ್ದಲಿನ ಹೊಗೆ, ಧೂಳು, ಸಾವಿರಾರು ಜನರ ಉಸಿರು ಇವುಗಳ ನಡುವೆ ನಿಲ್ಲಬೇಕಾದ ಚಿತ್ರಕ್ಕೆ ಗಾಜು ತಕ್ಕ ವಸ್ತು. ಮಾಸಿದರೆ ತೊಳೆಯಬಹುದು, ಬಣ್ಣ ಕುಂದುವುದಿಲ್ಲ.

ಇನ್ನು ಈ ಕಥೆಯ ಕಷ್ಟದ ಭಾಗಕ್ಕೆ ಬರುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜನರಿಂದ ಕಿಕ್ಕಿರಿದ ಆ ನಿಲ್ದಾಣವು, ಮೋಟಾರೂ ವಿಮಾನವೂ ಹೆಚ್ಚಿದಂತೆ ಬರಿದಾಗುತ್ತ ಬಂದಿತು. 1972ರ ಅಕ್ಟೋಬರದಲ್ಲಿ ಪ್ರಯಾಣಿಕರ ಗಾಡಿಗಳು ಅಲ್ಲಿಂದ ನಿಂತುಹೋದವು. ಸರಕಿನ ಗಾಡಿಗಳಿಗೆ ಜಾಗ ಬೇಕೆಂದು ಮೊಗಸಾಲೆಯನ್ನು ಕೆಡವಲು ರೈಲ್ವೆಯವರು ತೀರ್ಮಾನಿಸಿದರು. ಹದಿನಾಲ್ಕು ಚಿತ್ರಗಳು ಇದ್ದುದು ಅದೇ ಗೋಡೆಗಳ ಮೇಲೆ! ಆಗ ಊರಿನ ಜನರು ಎಚ್ಚರಗೊಂಡರು, ಹಣ ಕೂಡಿತು. ಒಂದೊಂದೂ ಸುಮಾರು 8 ಟನ್ ತೂಗುವ ಆ ಚಿತ್ರಗಳನ್ನು ಗೋಡೆಯ ಸಹಿತವಾಗಿ ಕೊಯ್ದು ತೆಗೆದು, 1973ರಲ್ಲಿ ಓಹಾಯೊ ನದಿಯ ಆಚೆ ಕೆಂಟಕಿಯಲ್ಲಿರುವ ವಿಮಾನ ನಿಲ್ದಾಣಕ್ಕೆ ಸಾಗಿಸಿದರು. ರೈಲಿನ ಜನವನ್ನು ಸೆಳೆದುಕೊಂಡ ವಿಮಾನವೇ ರೈಲಿನ ಚಿತ್ರಗಳಿಗೆ ಆಶ್ರಯವಿತ್ತುದು ಕಾಲದ ವಿಚಿತ್ರ. ಆದರೆ ಮೊಗಸಾಲೆಯ ಕೊನೆಯಲ್ಲಿದ್ದ ಪ್ರಪಂಚದ ಭೂಪಟದ ದೊಡ್ಡ ಚಿತ್ರವನ್ನು ಸಾಗಿಸುವ ವೆಚ್ಚವನ್ನು ಯಾರೂ ಹೊರಲಿಲ್ಲ. 1974ರಲ್ಲಿ ಕಟ್ಟಡದೊಂದಿಗೆ ಅದೂ ಮಣ್ಣುಗೂಡಿತು.

ಉಳಿದ ಕಥೆ ಸಮಾಧಾನಕರವಾದುದು. ಸಭಾಂಗಣದ ಎರಡು ದೊಡ್ಡ ಚಿತ್ರಗಳು ಇದ್ದಲ್ಲಿಯೇ ಉಳಿದವು. 1990ರಲ್ಲಿ ಆ ಕಟ್ಟಡವು ವಸ್ತುಸಂಗ್ರಹಾಲಯವಾಯಿತು. 1991ರಲ್ಲಿ ಪ್ರಯಾಣಿಕರ ಗಾಡಿಯೂ ಮರಳಿ ಬಂದಿತು. 2014ರಲ್ಲಿ ಆ ಜಿಲ್ಲೆಯ ಮತದಾರರು ಕಟ್ಟಡದ ಜೀರ್ಣೋದ್ಧಾರಕ್ಕಾಗಿ ತಮ್ಮ ಮೇಲೆ ತಾವೇ ಮಾರಾಟ ತೆರಿಗೆಯನ್ನು ಹೇರಿಕೊಂಡರು. ವಿಮಾನ ನಿಲ್ದಾಣದ ಹಳೆಯ ಕಟ್ಟಡಗಳನ್ನು ಕೆಡವುವ ಪ್ರಸಂಗ ಬಂದಾಗ, 2015ರಲ್ಲಿ ಒಂಬತ್ತು ಚಿತ್ರಗಳನ್ನು ಮತ್ತೆ ನದಿ ದಾಟಿಸಿ ಊರೊಳಗಿನ ಸಮ್ಮೇಳನ ಭವನಕ್ಕೆ ತಂದರು. ನೋಡಿರಿ: ಚಿತ್ರವನ್ನು ಬರೆಯಿಸುವುದು ಎರಡು ವರ್ಷದ ಕೆಲಸ, ಕಾಪಾಡುವುದು ಮೂರು ತಲೆಮಾರಿನ ಕೆಲಸ.

ಸಿನ್ಸಿನ್ನಾಟಿಗೆ ಇದ್ದ ಭಾಗ್ಯ ಎಲ್ಲ ಊರುಗಳಿಗೂ ಇರಲಿಲ್ಲ. ನ್ಯೂವಾರ್ಕಿನ ವಿಮಾನ ನಿಲ್ದಾಣಕ್ಕೆ ಆರ್ಶೈಲ್ ಗಾರ್ಕಿ ಎಂಬ ಆರ್ಮೀನಿಯ ಮೂಲದ ಚಿತ್ರಕಾರನು ಹತ್ತು ಚಿತ್ರಗಳನ್ನು ಬರೆದುಕೊಟ್ಟನು. ಕೆಲಸವಿಲ್ಲದ ಕಲಾವಿದರಿಗೆ ಸರಕಾರವೇ ಸಂಬಳ ಕೊಟ್ಟು ಸಾರ್ವಜನಿಕ ಕಟ್ಟಡಗಳಿಗೆ ಚಿತ್ರ ಬರೆಯಿಸುವ ಯೋಜನೆಯೊಂದು 1935ರಲ್ಲಿ ಅಲ್ಲಿ ಆರಂಭವಾಗಿತ್ತು. ಅದರ ಆಶ್ರಯದಲ್ಲಿ ಆದ ಕೆಲಸವಿದು. ಯುದ್ಧಕಾಲದಲ್ಲಿ ಸೈನ್ಯವು ನಿಲ್ದಾಣವನ್ನು ವಶಪಡಿಸಿಕೊಂಡಿತು. ಗೋಡೆಗಳಿಗೆ ಬಣ್ಣ ಬಳಿಯಲಾಯಿತು. ಹತ್ತೂ ನಾಶವಾದವೆಂದು ಜನರು ತಿಳಿದಿದ್ದಾಗ, 1970ರ ದಶಕದ ಆದಿಯಲ್ಲಿ ಹದಿನಾಲ್ಕು ಲೇಪ ಬಣ್ಣದ ಕೆಳಗೆ ಎರಡು ಮಾತ್ರ ಸಿಕ್ಕಿದವು. ನ್ಯೂಯಾರ್ಕಿನ ಲಾ ಗಾರ್ಡಿಯಾ ನಿಲ್ದಾಣದಲ್ಲಿ ಜೇಮ್ಸ್ ಬ್ರೂಕ್ಸನು ಮನುಷ್ಯನ ಹಾರಾಟದ ಕಥೆಯನ್ನು ದುಂಡಗಿನ ಗೋಡೆಯ ಸುತ್ತಲೂ ಇನ್ನೂರು ಅಡಿಗಿಂತ ಹೆಚ್ಚು ಉದ್ದಕ್ಕೆ ಬರೆದು 1942ರಲ್ಲಿ ಮುಗಿಸಿದನು. 1950ರ ದಶಕದಲ್ಲಿ ಅದರ ಮೇಲೂ ಬಣ್ಣ ಬಿದ್ದಿತು. 1980ರಲ್ಲಿ ಅದು ಮರಳಿ ಬೆಳಕು ಕಂಡಿತು. ಈ ಎರಡು ಕಡೆಯಲ್ಲಿಯೂ ಚಿತ್ರಗಳನ್ನು ಮುಚ್ಚಿದುದು ಬಣ್ಣದ ಡಬ್ಬಿ ಮತ್ತು ಒಂದು ಕಚೇರಿಯ ಅಪ್ಪಣೆ. ಶತ್ರುವಿನ ಫಿರಂಗಿ ಅಲ್ಲ.

ಇಂಥದು ಪರದೇಶದಲ್ಲಿ ಮಾತ್ರ ನಡೆಯುವುದೆಂದು ನಾವು ಬೀಗಬೇಕಾಗಿಲ್ಲ. ದಿಲ್ಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ಲರು ಸರಕಾರದ ಕೋರಿಕೆಯಂತೆ ಮಾಡಿಕೊಟ್ಟ ಬೃಹತ್ತಾದ ಕಂಚಿನ ಭಿತ್ತಿಶಿಲ್ಪವಿತ್ತು. 1979ರಲ್ಲಿ ಅವರಿಗೆ ತಿಳಿಸದೆಯೇ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಲಾಯಿತು, ಭಾಗಗಳು ಮುರಿದವು. ಅವರು ನ್ಯಾಯಾಲಯವನ್ನು ಹೊಕ್ಕರು. 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮಿನ ಪ್ರಕಾರ ಕೃತಿಯನ್ನು ಮಾರಿದ ಮೇಲೂ ಅದರ ಅಂಗಭಂಗದ ವಿರುದ್ಧ ಕರ್ತೃವಿಗೆ ಹಕ್ಕಿದೆಯೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು 2005ರಲ್ಲಿ ತೀರ್ಪಿತ್ತು, ಉಳಿದ ಭಾಗಗಳನ್ನು ಅವರಿಗೆ ಹಿಂದಿರುಗಿಸುವಂತೆಯೂ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆಯೂ ಆಜ್ಞಾಪಿಸಿತು. ನ್ಯಾಯ ದೊರೆಯಿತು, ನಿಜ. ಆದರೆ ಕಿತ್ತ ದಿನದಿಂದ ತೀರ್ಪಿನ ದಿನಕ್ಕೆ ಇಪ್ಪತ್ತಾರು ವರ್ಷ! ಮುರಿದ ಮೇಲೆ ಬರುವ ನ್ಯಾಯಕ್ಕಿಂತ ಮುರಿಯದಂತೆ ಮಾಡುವ ಕರಾರು ಮೇಲು.

ಮಹನೀಯರೇ, ನಮ್ಮ ನಾಡಿಗೆ ಗೋಡೆಯ ಚಿತ್ರ ಹೊಸತಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಲ್ಲಿಲೂರಿನ ಯುದ್ಧವನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿ ಬರೆಯಿಸಿದವನು ದೊರೆ. ಆದುದರಿಂದ ದೊರೆಯ ಜಯವೇ ಚಿತ್ರದ ವಸ್ತುವಾಯಿತು. ಇಂದು ಬರೆಯಿಸುವವರು ಪ್ರಜೆಗಳು. ಹಾಗಿರುವಲ್ಲಿ ಪ್ರಜೆಗಳ ದುಡಿಮೆಯೇ ವಸ್ತುವಾಗುವುದು ನ್ಯಾಯವಲ್ಲವೇ? ಇನ್ನೂ ಹಿಂದಕ್ಕೆ ಹೋದರೆ, ಬಾದಾಮಿಯ ಮೂರನೆಯ ಗುಹೆಯನ್ನು ಮಂಗಲೇಶನು ಕೊರೆಯಿಸಿದ್ದು ಶಕ 500ರಲ್ಲಿ, ಎಂದರೆ ಕ್ರಿ. ಶ. 578ರಲ್ಲಿ. ಅಲ್ಲಿ ಬಣ್ಣದ ಚಿತ್ರಗಳ ಅವಶೇಷ ಈಗಲೂ ಇದೆ. ಗುಡಿಯ ಸೇವೆ ನಡೆಯಲೆಂದು ಒಂದು ಗ್ರಾಮವನ್ನೇ ದತ್ತಿ ಬಿಟ್ಟುದನ್ನು ಅಲ್ಲಿಯ ಶಾಸನವು ಹೇಳುತ್ತದೆ. ಕಟ್ಟಿಸಿದವನೇ ಮುಂದಿನ ಪೋಷಣೆಗೂ ದಾರಿ ಮಾಡಬೇಕೆಂಬ ವಿವೇಕ ನಮ್ಮ ಹಿರಿಯರಿಗೆ ಇದ್ದಿತು. ನಾವು ಉದ್ಘಾಟನೆಯ ಕಲ್ಲನ್ನು ಮಾತ್ರ ನೆಡುತ್ತೇವೆ, ದತ್ತಿಯನ್ನು ಮರೆಯುತ್ತೇವೆ.

ಇಷ್ಟರಿಂದ ನಾವು ಕಲಿಯತಕ್ಕ ಪಾಠಗಳನ್ನು ಐದು ಮಾತುಗಳಲ್ಲಿ ಅರಿಕೆ ಮಾಡುತ್ತೇನೆ.

ಮೊದಲನೆಯದು, ಕಾಲ. ಕಟ್ಟಡದ ನಕಾಶೆ ಸಿದ್ಧವಾಗುವಾಗಲೇ ಚಿತ್ರದ ಗೋಡೆಯೂ ನಿಶ್ಚಯವಾಗಬೇಕು. ಎಲ್ಲ ಮುಗಿದ ಮೇಲೆ ಉಳಿದ ಗೋಡೆಗೆ ಚಿತ್ರ ಹಚ್ಚಹೊರಟರೆ, ಒಂದು ಕಡೆ ತೇವ, ಇನ್ನೊಂದು ಕಡೆ ನೀರಿನ ಕೊಳವೆ, ಮತ್ತೊಂದು ಕಡೆ ಅಂಗಡಿಯ ಮರೆ. ಮೇಲಾಗಿ ನಮ್ಮ ನಿಲ್ದಾಣಗಳಲ್ಲಿ ಎಲೆಯಡಿಕೆಯ ಉಗುಳು ಯಾವ ಎತ್ತರಕ್ಕೆ ಮುಟ್ಟುತ್ತದೆಂಬುದು ನಿಮಗೆ ಗೊತ್ತು. ಚಿತ್ರವು ಅದರ ಮೇಲಿಂದ ಆರಂಭವಾಗಬೇಕು, ಕೆಳಗೆ ತೊಳೆಯಬಲ್ಲ ಕಲ್ಲಿರಬೇಕು.

ಎರಡನೆಯದು, ಆಯ್ಕೆ. ಅತ್ಯಂತ ಕಡಿಮೆ ದರ ಹೇಳಿದವನಿಗೆ ಜಲ್ಲಿಯ ಗುತ್ತಿಗೆ ಕೊಡಬಹುದು, ಚಿತ್ರದ ಗುತ್ತಿಗೆ ಕೊಡಲಾಗದು. ವೆಚ್ಚವನ್ನು ಮೊದಲೇ ಗೊತ್ತುಮಾಡಿ, ಮೂವರು ನಾಲ್ವರು ಕಲಾವಿದರನ್ನು ಕರೆದು, ಅವರ ಕರಡು ಚಿತ್ರಗಳಿಗೂ ತಕ್ಕ ಸಂಭಾವನೆಯಿತ್ತು, ಗುಣವನ್ನು ನೋಡಿ ಆರಿಸಬೇಕು. ಆರಿಸುವ ಮಂಡಲಿಯಲ್ಲಿ ಚಿತ್ರ ಬಲ್ಲವರು, ಇಂಜಿನಿಯರು, ಉಪಾಧ್ಯಾಯರು, ನಿಲ್ದಾಣದಲ್ಲಿಯೇ ದುಡಿಯುವ ಒಬ್ಬ ಕಂಡಕ್ಟರು ಇವರೆಲ್ಲ ಇರಲಿ.

ಮೂರನೆಯದು, ವಸ್ತು. ಇದನ್ನು ಊರು ಗೊತ್ತುಮಾಡಲಿ. ರೇಖೆಯನ್ನೂ ಬಣ್ಣವನ್ನೂ ಕಲಾವಿದನಿಗೆ ಬಿಡಲಿ. ಅಧಿಕಾರದಲ್ಲಿರುವವರ ಮುಖಗಳು ಅಲ್ಲಿ ಬೇಡ. ಅವರ ಅವಧಿ ಗಾರೆ ಒಣಗುವ ಮುಂಚೆಯೇ ಮುಗಿಯಬಹುದು. ನೇಕಾರ, ಒಕ್ಕಲಿಗ, ಕಮ್ಮಾರ, ಗಾಡಿ ಹೊಡೆಯುವವ, ಬುಟ್ಟಿ ಹೆಣೆಯುವವಳು ಇವರಿಗೆ ಅವಧಿಯಿಲ್ಲ. ಆದರೆ ಯಾರನ್ನು ತೋರಿಸುತ್ತೇವೋ ಅವರನ್ನು ಕಂಡು, ಅವರ ಕೈಕೆಲಸವನ್ನು ಅರಿತು ತೋರಿಸಬೇಕು. ಮಗ್ಗದ ಮುಂದೆ ಲಾಳಿ ಹಿಡಿಯುವ ರೀತಿ ತಪ್ಪಿದ್ದರೆ, ನೇಕಾರನ ಮಗನು ಅದನ್ನು ಕಂಡು ನಗುತ್ತಾನೆ. ಆ ನಗೆಯ ಮುಂದೆ ಯಾವ ಕಲಾವಿಮರ್ಶೆಯೂ ನಿಲ್ಲದು.

ನಾಲ್ಕನೆಯದು, ಸಾಮಗ್ರಿ. ಹಬ್ಬಕ್ಕೆ ಬಳಿದು ಮಳೆಗಾಲಕ್ಕೆ ಉದುರುವ ಬಣ್ಣದಿಂದ ಪ್ರಯೋಜನವಿಲ್ಲ. ಗಾಜಿನ ಹರಳು, ಸುಟ್ಟ ಮಣ್ಣಿನ ಬಿಲ್ಲೆ, ಕಲ್ಲು ಇವುಗಳಿಗೆ ಮೊದಲು ವೆಚ್ಚ ಹೆಚ್ಚು. ಐವತ್ತು ವರ್ಷಕ್ಕೆ ಹಂಚಿ ನೋಡಿದರೆ ಕಡಿಮೆ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕರಾರು ಮತ್ತು ದತ್ತಿ. ಚಿತ್ರವನ್ನು ವರ್ಷಕ್ಕೊಮ್ಮೆ ಯಾರು ತೊಳೆಯಬೇಕು, ಹರಳು ಉದುರಿದರೆ ಯಾರ ಹಣದಿಂದ ಸರಿಪಡಿಸಬೇಕು, ಗೋಡೆಯನ್ನು ಕೆಡವಬೇಕಾದರೆ ಎಷ್ಟು ತಿಂಗಳು ಮುಂಚೆ ಊರಿಗೂ ಕಲಾವಿದನಿಗೂ ತಿಳಿಸಬೇಕು ಎಂಬುದೆಲ್ಲ ಕಾಗದದ ಮೇಲೆ ಇರಬೇಕು. ಪೋಷಣೆಯ ಹಣವನ್ನು ಮೊದಲ ವೆಚ್ಚದಲ್ಲಿಯೇ ಒಂದು ಭಾಗವಾಗಿ ತೆಗೆದಿಡಬೇಕು. ಇದಿಲ್ಲದೆ ಬರೆಯಿಸುವುದಕ್ಕಿಂತ ಬರೆಯಿಸದಿರುವುದೇ ವಾಸಿ.

ಕೊನೆಯದಾಗಿ ಉಪಾಧ್ಯಾಯ ಬಂಧುಗಳಿಗೆ ಒಂದು ಬಿನ್ನಹ. ಚಿತ್ರಶಾಲೆಗೆ ಹೋಗುವವರು ನೂರಕ್ಕೆ ಒಬ್ಬರೂ ಇಲ್ಲ. ನಿಲ್ದಾಣಕ್ಕೆ ಬಾರದವರೇ ಇಲ್ಲ. ಓದು ಬಾರದ ಮುದುಕಿಯೂ, ಸಂತೆಗೆ ಹೊರಟ ರೈತನೂ, ಪರೀಕ್ಷೆಗೆ ಹೊರಟ ಬಾಲಕನೂ ಅಲ್ಲಿ ಒಂದೇ ಗೋಡೆಯ ಮುಂದೆ ಕಾಯುತ್ತಾರೆ. ಹಾಗೆ ಕಾಯುವ ಅರ್ಧ ಗಂಟೆಯನ್ನು ನಾವು ಜಾಹೀರಾತಿಗೆ ಮಾರಬಹುದು, ಇಲ್ಲವೆ ಊರಿನ ಪಾಠಕ್ಕೆ ಕೊಡಬಹುದು. ನಿಮ್ಮ ಊರಿನಲ್ಲಿ ಹೊಸ ನಿಲ್ದಾಣದ ನಕಾಶೆ ಪುರಸಭೆಯ ಮೇಜಿನ ಮೇಲೆ ಬಂದ ದಿನ, ಗೋಡೆಯ ಮಾತನ್ನು ಎತ್ತಲು ಒಬ್ಬರಾದರೂ ಅಲ್ಲಿ ಇರಿ. ಸಿನ್ಸಿನ್ನಾಟಿಯವರು ಭೂಪಟವನ್ನು ಕಳೆದುಕೊಂಡು ಹದಿನಾಲ್ಕನ್ನು ಉಳಿಸಿಕೊಂಡರು. ನಾವು ಅಷ್ಟನ್ನೂ ಕಳೆದುಕೊಳ್ಳದೆಯೇ ಕಲಿಯಲು ಸಾಧ್ಯವಿದೆ.