ಮಗುವಿನ ವಯಸ್ಸು: ಹಲ್ಲು, ಎಲುಬು ಮತ್ತು ಜನನ ಪತ್ರ



ಮಗುವಿನ ವಯಸ್ಸೆಷ್ಟೆಂದು ಕೇಳಿದರೆ, "ಆ ವರ್ಷದ ಸುಗ್ಗಿಯಲ್ಲಿ ಹುಟ್ಟಿದ್ದು" ಎಂದು ಹಿರಿಯರು ಉತ್ತರಿಸುವುದುಂಟು. ಹುಟ್ಟಿದ ದಿನವನ್ನು ಬರೆದಿಡದಿದ್ದರೆ ವೈದ್ಯರು ವಯಸ್ಸನ್ನು ಅಂದಾಜು ಮಾಡಬೇಕಾಗುತ್ತದೆ.

ಸಾಮಾನ್ಯವಾಗಿ 6 ತಿಂಗಳ ಸುಮಾರಿಗೆ ಮೊದಲ ಹಾಲುಹಲ್ಲು ಮೂಡುತ್ತದೆ. ಮೂರು ವರ್ಷ ತುಂಬುವ ವೇಳೆಗೆ 20 ಹಾಲುಹಲ್ಲುಗಳೂ ಬಂದಿರುತ್ತವೆ. 6ನೆಯ ವರ್ಷದ ಸುಮಾರಿಗೆ ಅವುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲೂ, 12ರ ಸುಮಾರಿಗೆ ಎರಡನೆಯದೂ ಕಾಣಿಸಿಕೊಳ್ಳುತ್ತವೆ. ಆಮೇಲೆ ಹಲ್ಲೊಂದೇ ಸಾಲದು. ಮಣಿಕಟ್ಟು, ಮೊಣಕೈ ಮೊದಲಾದೆಡೆ ಕ್ಷ-ಕಿರಣದ ಚಿತ್ರ ತೆಗೆದು, ಎಲುಬಿನ ತುದಿಯು ನಡುಭಾಗದೊಡನೆ ಬೆಸೆದುಕೊಂಡಿದೆಯೇ ಎಂದು ನೋಡುವರು.

ಆದರೆ ಆಹಾರ, ಕಾಯಿಲೆ, ವಂಶಗುಣಗಳಿಂದ ಈ ಬೆಳವಣಿಗೆ ಹಿಂದುಮುಂದಾಗುತ್ತದೆ. ಎಲುಬಿನ ಅಂದಾಜಿನಲ್ಲಿ ಎರಡು ವರ್ಷಗಳವರೆಗೂ ವ್ಯತ್ಯಾಸ ಬರಬಹುದು. ಹೆಣ್ಣಿಗೆ 18 ತುಂಬದೆ ವಿವಾಹ ಸಲ್ಲದು. 16ರ ಹುಡುಗಿಯನ್ನು 18ರವಳೆಂದು ಅಂದಾಜಿಸಿದರೆ ಬಾಲ್ಯವಿವಾಹದಿಂದ ಅವಳನ್ನು ಕಾಯುವ ಬಗೆ ಹೇಗೆ? ಆದುದರಿಂದಲೇ 2015ರ ಬಾಲ ನ್ಯಾಯ ಕಾಯಿದೆಯು ಶಾಲೆಯ ಅಥವಾ ಜನನದ ಪ್ರಮಾಣಪತ್ರ ಇಲ್ಲದಾಗ ಮಾತ್ರ ಎಲುಬಿನ ಪರೀಕ್ಷೆಗೆ ಅವಕಾಶವಿತ್ತಿದೆ.

ಮಗು ಹುಟ್ಟಿದ 21 ದಿನಗಳೊಳಗೆ ಜನನವನ್ನು ನೋಂದಾಯಿಸಿರಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅಲ್ಲಿಯವರೇ ಮಾಹಿತಿ ನೀಡುವರು. ಪ್ರಮಾಣಪತ್ರವನ್ನು ನೀವು ಮರೆಯದೆ ಪಡೆಯಿರಿ. ಮನೆಯಲ್ಲಾದರೆ ಮನೆಯವರೇ ಜನನ-ಮರಣ ನೋಂದಣಾಧಿಕಾರಿಗೆ ತಿಳಿಸಬೇಕು. ಅವಧಿ ಮೀರಿದ್ದರೂ ನೋಂದಣಿಗೆ ದಾರಿಯುಂಟು, ಹಿಂಜರಿಯದಿರಿ. ಬರೆದಿಟ್ಟ ತಾರೀಖು ನಿಮ್ಮ ಮಗುವಿಗೆ ಬಾಳೆಲ್ಲ ರಕ್ಷೆಯಾಗುವುದು.