ಒಂದಗುಳಿನ ಲೆಕ್ಕ



ಲ್ಯಾಬಿನವರ ಸಭೆಗೆ ಅಧ್ಯಕ್ಷನಾದವನು ದೇಶ, ಕಾಲ, ವಿಜ್ಞಾನದ ಭವಿಷ್ಯ ಎಂದು ಶುರುಮಾಡುವುದು ವಾಡಿಕೆ. ನಾನು ಚಳ್ಳಕೆರೆ ಕಡೆಯ ಒಬ್ಬ ಶೇಂಗಾ ವ್ಯಾಪಾರಿಯಿಂದ ಶುರುಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಅವರು ಎರಡು ರಿಪೋರ್ಟು ತಂದು ನನ್ನ ಮೇಜಿನ ಮೇಲೆ ಹರಡಿದರು. ಒಂದೇ ಲಾಟು, ಒಂದೇ ವಾರ. ಒಂದರಲ್ಲಿ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಕೆ.ಜಿ.ಗೆ 3.1 ಮೈಕ್ರೊಗ್ರಾಂ, ಇನ್ನೊಂದರಲ್ಲಿ 7.8. ಹಾಗೇ ತಿನ್ನುವ ಶೇಂಗಾಕ್ಕೆ ಯುರೋಪು ಇಟ್ಟಿರುವ ಮಿತಿ 4. "ಸಾರ್, ನಿಮ್ಮಿಬ್ಬರಲ್ಲಿ ಸುಳ್ಳು ಹೇಳ್ತಿರೋರು ಯಾರು?" ಅಂದರು. ಒಂದು ರಿಪೋರ್ಟು ನಮ್ಮದೇ. ಕಡತ ತೆಗೆಸಿದೆ, ಕ್ಯಾಲಿಬ್ರೇಶನ್ ನೋಡಿದೆ, ಮತ್ತೊಮ್ಮೆ ಓಡಿಸಿದೆ. ನಮ್ಮ ಮೆಷಿನ್ನು ಸರಿಯಾಗಿತ್ತು. ಇನ್ನೊಂದು ಲ್ಯಾಬಿನದೂ ಸರಿಯಾಗಿಯೇ ಇತ್ತು. ಎಡವಟ್ಟು ಇದ್ದದ್ದು ಗೋಣಿಚೀಲದಲ್ಲಿ.

ಅನ್ನ ಬೆಂದಿದೆಯೇ ಎಂದು ನೋಡಲು ಅಮ್ಮ ಒಂದಗುಳು ಹಿಸುಕುತ್ತಿದ್ದಳು. ಅಷ್ಟು ಸಾಕಾಗುತ್ತಿತ್ತು, ಏಕೆಂದರೆ ಪಾತ್ರೆಯ ನೀರು ಎಲ್ಲ ಅಗುಳಿಗೂ ಒಂದೇ ಸಮ ಕುದಿಯುತ್ತದೆ. ಬೂಷ್ಟು ಹಾಗಲ್ಲ. ಅದು ಬರದಲ್ಲಿ ಬಿರುಕುಬಿಟ್ಟ ಕಾಯಿ ಹುಡುಕುತ್ತದೆ, ಒದ್ದೆ ನೆಲಕ್ಕೆ ತಾಗಿದ ಚೀಲದ ಮೂಲೆ ಹುಡುಕುತ್ತದೆ. ಸಾವಿರ ಬೀಜದಲ್ಲಿ ಒಂದು ಕೆಟ್ಟಿರಬಹುದು, ಆದರೆ ಆ ಒಂದು ಎಷ್ಟು ಕೆಟ್ಟಿದೆ ಎಂಬುದು ಪ್ರಶ್ನೆ. ಅರ್ಧ ಗ್ರಾಂ ತೂಗುವ ಒಂದು ಬೀಜದಲ್ಲಿ 50 ಮೈಕ್ರೊಗ್ರಾಂ ವಿಷವಿದೆ ಅನ್ನಿ. 10 ಕೆ.ಜಿ. ನಮೂನೆಗೆ ಅದೊಂದೇ ಬಿದ್ದರೂ ಲೆಕ್ಕ 5ಕ್ಕೆ ಏರುತ್ತದೆ, ಲಾಟು ಫೇಲು. ಅದು ಪಕ್ಕದ ಹಿಡಿಯಲ್ಲಿ ಉಳಿದುಬಿಟ್ಟರೆ ಪಾಸು.

ಆದ್ದರಿಂದಲೇ ಯುರೋಪಿನ ನಿಯಮ ದೊಡ್ಡ ಲಾಟಿನ 100 ಕಡೆಯಿಂದ ತಲಾ 200 ಗ್ರಾಮಿನಂತೆ 20 ಕೆ.ಜಿ. ಎತ್ತಲು ಹೇಳುತ್ತದೆ. ನಮ್ಮ ಕೌಂಟರಿಗೆ ಬರುವುದು ಅರ್ಧ ಕೆ.ಜಿ. ಪ್ಲಾಸ್ಟಿಕ್ ಕವರು, ಅದೂ ಮೇಲಿನ ಚೀಲದ ಬಾಯಿಂದ ಬಾಚಿದ್ದು. ನಾವು ಪಿಪೆಟ್ಟಿನ ದೋಷ, ತಕ್ಕಡಿಯ ದೋಷ, ಸ್ಟ್ಯಾಂಡರ್ಡಿನ ಶುದ್ಧತೆ ಎಲ್ಲವನ್ನೂ ಕೂಡಿಸಿ ± ಬರೆಯುತ್ತೇವೆ. ಚೀಲದ ಅನಿಶ್ಚಿತತೆ ಮಾತ್ರ ಅದರಲ್ಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ "ಫಲಿತಾಂಶ ತಲುಪಿದ ನಮೂನೆಗೆ ಮಾತ್ರ" ಎಂದು ಹಾಕಿ ಕೈತೊಳೆದುಕೊಳ್ಳುತ್ತೇವೆ. ಆ ಸಾಲು ಸುಳ್ಳಲ್ಲ, ಆದರೆ ಅದನ್ನು ಓದಿದ ವ್ಯಾಪಾರಿಯನ್ನು ನಾನಿನ್ನೂ ಕಂಡಿಲ್ಲ.

ಇನ್ನು ± ಬರೆದ ಮೇಲೆ ಏನು ಮಾಡಬೇಕು? ಜಗಳ ಹೆಚ್ಚು ಇರುವುದು ಇಲ್ಲಿ. 4.8 ಬಂತು, ಅನಿಶ್ಚಿತತೆ 1.4, ಅಂದರೆ ನಿಜಬೆಲೆ 3.4ರಿಂದ 6.2ರ ನಡುವೆ ಇರುವ ಭರವಸೆ ನೂರಕ್ಕೆ ಸುಮಾರು 95 ಪಾಲು. ಯುರೋಪಿನ ಸರ್ಕಾರಿ ತಪಾಸಣೆ ಇದನ್ನು ತಿರಸ್ಕರಿಸುವುದಿಲ್ಲ. ಅನಿಶ್ಚಿತತೆ ಕಳೆದ ಮೇಲೂ ಮಿತಿ ದಾಟಿದ್ದರೆ ಮಾತ್ರ ತಿರಸ್ಕಾರ, ಸಂಶಯದ ಲಾಭ ಸರಕಿಗೆ. ಅದೇ ರಫ್ತುದಾರ ತನ್ನ ಹಿತ ನೋಡಿಕೊಳ್ಳಬೇಕಾದರೆ ಲೆಕ್ಕ ತಿರುಗುತ್ತದೆ: 3.2 ಬಂದರೂ ಅನಿಶ್ಚಿತತೆ 1.0 ಕೂಡಿಸಿದರೆ 4.2, ಹಡಗು ಹತ್ತಿಸಬೇಡ. ಎರಡೂ ಸರಿ. ತಪ್ಪು ಯಾವುದೆಂದರೆ, ಸಂಶಯ ಯಾರ ತಲೆಗೆ ಎಂದು ನಮೂನೆ ಬರುವಾಗ ಮಾತಾಡದೆ, ಅಂಕಿ ಬಂದ ಮೇಲೆ ತೀರ್ಮಾನಿಸುವುದು. ಐಎಸ್‌ಒ/ಐಇಸಿ 17025ರ 2017ರ ಆವೃತ್ತಿ ಇದನ್ನೇ ಕಟ್ಟಿಹಾಕಿದೆ: ಪಾಸು-ಫೇಲು ಬರೆದುಕೊಡಿ ಎಂದು ಗ್ರಾಹಕ ಕೇಳಿದರೆ, ನಿರ್ಣಯದ ನಿಯಮ ಮೊದಲೇ ಒಪ್ಪಿಗೆಯಾಗಿರಬೇಕು. ಎಷ್ಟೋ ಲ್ಯಾಬುಗಳಲ್ಲಿ, ನಮ್ಮದನ್ನೂ ಸೇರಿಸಿ, ಆ ನಿಯಮದ ಕಾಲಂ ಆಡಿಟರ್ ಬರುವ ಹಿಂದಿನ ರಾತ್ರಿ ತುಂಬಿದ್ದೂ ಉಂಟು. ಇಲ್ಲ ಅನ್ನುವವರು ಕೈಯೆತ್ತಿ.

ಆ ವ್ಯಾಪಾರಿಗೆ ಇದನ್ನೆಲ್ಲ ಹೇಳಿದಾಗ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಹಂಗಾದ್ರೆ ಚೀಲ ನೀವೇ ಬಂದು ಚುಚ್ಚಿ ಸಾರ್, ಟೀ ನನ್ನದು" ಅಂದರು. ಹೋದೆವು. ನೂರು ಕಡೆ ಚುಚ್ಚಲು ಮಂಡಿಯಲ್ಲಿ ಇಬ್ಬರು ಹಮಾಲಿಗಳಿಗೆ ಅರ್ಧ ದಿನ ಹಿಡಿಯಿತು.

ಮಧ್ಯಾಹ್ನದ ಗೋಷ್ಠಿಗೆ ಹಿಂದಿನ ಕೋಣೆಯಲ್ಲಿ 20 ಕೆ.ಜಿ. ಶೇಂಗಾ, ಅರೆಯುವ ಯಂತ್ರ, ತಕ್ಕಡಿ ಇಡಿಸಿದ್ದೇನೆ. ಒಂದೇ ರಾಶಿಯಿಂದ ಎಂಟು ತಂಡ ನಮೂನೆ ಎತ್ತಲಿ, ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯೋಣ. ಊಟ ಮುಗಿಸಿ ತೋಳು ಮಡಚಿ ಬನ್ನಿ. ಬೀಜ ಬಾಯಿಗೆ ಹಾಕಬೇಡಿ, ಆರಿಸಿ ತಂದದ್ದು ಒಳ್ಳೆಯದನ್ನಲ್ಲ.